ಮನೆಯ ಇಪಿಸಿ ಕಳೆದುಹೋಗಿದೆ, ಹುಡುಕುವುದು ಹೇಗೆ? (ರೀಡಿಂಗ್, ಇಂಗ್ಲೆಂಡ್)

ವರದಾತೀರ:

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನಲ್ಲಿ ಮನೆ ಬಾಡಿಗೆಗೆ ಕೊಟ್ಟ ಅನುಭವ ಇರುವವರು ಯಾರಾದರೂ ಇದ್ದರೆ ಸ್ವಲ್ಪ ದಾರಿ ತೋರಿಸಿ. ಮೂರು ದಿನದಿಂದ ತಲೆಯಲ್ಲಿ ಇದೇ ಕೂತಿದೆ.

ರೀಡಿಂಗ್‌ನಲ್ಲಿ ನಮ್ಮದೊಂದು ಫ್ಲಾಟ್ ಇದೆ. ವಿಕ್ಟೋರಿಯಾ ರಾಣಿಯ ಕಾಲದ ಕೆಂಪು ಇಟ್ಟಿಗೆ ಮನೆ. ಯಾವಾಗಲೋ ಅದನ್ನು ಕೆಳಗೊಂದು, ಮೇಲೊಂದು ಅಂತ ಎರಡು ಪಾಲು ಮಾಡಿದ್ದಾರೆ. ಮೇಲಿನದು ನಮ್ಮದು. 2017ರಲ್ಲಿ ಕೊಂಡೆವು. ಮಗಳು ಅಂಬೆಗಾಲಿಟ್ಟಿದ್ದು ಅದೇ ಮನೆಯಲ್ಲಿ, ಹಾಗಾಗಿ ಮಾರುವ ಮನಸ್ಸಿಲ್ಲ. ಈಗ ಯಜಮಾನರಿಗೆ ಮ್ಯಾಂಚೆಸ್ಟರ್‌ನಲ್ಲಿ ಕೆಲಸ ಸಿಕ್ಕಿದೆ. ಬಾಡಿಗೆಗೆ ಕೊಡೋಣ ಅಂತ ಏಜೆಂಟ್ ಹತ್ತಿರ ಹೋದರೆ ಅವರು ಮೊದಲು ಕೇಳಿದ್ದೇ ಇಪಿಸಿ, ಅಂದರೆ ಎನರ್ಜಿ ಪರ್ಫಾರ್ಮೆನ್ಸ್ ಸರ್ಟಿಫಿಕೇಟ್. ಈ ಊರಿಗೆ ಹೊಸಬರಾಗಿದ್ದರೆ ಗೊತ್ತಿರಲಿ: ಮನೆ ಬೆಚ್ಚಗಿಡಲು ಎಷ್ಟು ಇಂಧನ ಬೇಕು ಎಂದು ಲೆಕ್ಕ ಹಾಕಿ, ಎಯಿಂದ ಜಿವರೆಗೆ ಒಂದು ದರ್ಜೆ ಕೊಡುವ ಪತ್ರ ಇದು. ಊರಲ್ಲಿ ಫ್ರಿಜ್ ಬಾಗಿಲ ಮೇಲೆ ಸ್ಟಾರ್ ಚೀಟಿ ಇರುತ್ತದಲ್ಲ, ಅದೇ ಥರ ಮನೆಗೆ. ಅದಿಲ್ಲದೆ ಜಾಹೀರಾತು ಹಾಕುವ ಹಾಗಿಲ್ಲ ಅಂದರು.

ಆ ಪತ್ರವನ್ನು ನಾನೇ ನೋಡಿದ್ದೇನೆ. ಮನೆ ಕೊಂಡಾಗ ವಕೀಲರು ಕಳಿಸಿದ ಕಟ್ಟಿನಲ್ಲಿ ಇತ್ತು. ಹಸಿರಿನಿಂದ ಕೆಂಪಿನವರೆಗೆ ಮೆಟ್ಟಿಲಿನ ಹಾಗೆ ಬಣ್ಣದ ಪಟ್ಟಿಗಳು. ಒಂದು ನೀಲಿ ಫೈಲಿಗೆ ಹಾಕಿ ಇಟ್ಟಿದ್ದೆ. ಈಗ ಆ ಫೈಲೇ ಇಲ್ಲ. ಅರ್ಧ ಮನೆ ಖಾಲಿ ಮಾಡಿ ಆಗಿದೆ. ಹದಿನಾಲ್ಕು ರಟ್ಟಿನ ಬಾಕ್ಸ್ ಬಿಚ್ಚಿ ನೋಡಿದೆ, ಮಗಳ ಮೊದಲ ಶೂ ಸಿಕ್ಕಿತು, ಫೈಲ್ ಸಿಗಲಿಲ್ಲ. ವಕೀಲರ ಕಚೇರಿಗೆ ಬರೆದೆ. ಹಳೆಯ ಫೈಲ್ ಗೋದಾಮಿನಿಂದ ತರಿಸಬೇಕು, ಅದಕ್ಕೆ ಬೇರೆ ಶುಲ್ಕ, ಎರಡು ವಾರ ಕಾಯಿರಿ ಅಂದರು.

ಸರ್ಕಾರದ ವೆಬ್‌ಸೈಟಿನಲ್ಲಿ ಹುಡುಕಬಹುದು ಅಂತ ಪಕ್ಕದ ಮನೆಯವರು ಹೇಳಿದರು. ಪೋಸ್ಟ್‌ಕೋಡ್ ಹಾಕಿದೆ, ಬೀದಿಯ ಮನೆಗಳೆಲ್ಲ ಬಂದವು. ನಮ್ಮದು 27ಬಿ. ಪಟ್ಟಿಯಲ್ಲಿ 25 ಇದೆ, ಕೆಳಗಿನ ಮನೆಯ 27ಎ ಇದೆ, ಆಮೇಲೆ ನೇರ 29. ನಮ್ಮ ಮನೆಯೇ ಇಲ್ಲ! ಹಾಗಾದರೆ ಆ ಸರ್ಟಿಫಿಕೇಟ್ ದಾಖಲೆಗೇ ಹೋಗಿರಲಿಲ್ಲವಾ?

ಸಾಗರದಿಂದ ಅಪ್ಪ ಫೋನ್ ಮಾಡಿದ್ದರು. ಇಪಿಸಿ ಅಂದದ್ದು ಅವರಿಗೆ ಇ.ಸಿ. ಅಂತ ಕೇಳಿಸಿತು, ನಮ್ಮಲ್ಲಿನ ಋಣಭಾರ ಪತ್ರ. ಮೊದಲು ಪೊಲೀಸ್ ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಕೊಡು, ಪತ್ರಿಕೆಯಲ್ಲಿ ಪ್ರಕಟಣೆ ಹಾಕಿಸು, ಆಮೇಲೆ ನಕಲು ಕೇಳು ಅಂದರು. ಅವರು ಮನೆಯ ಕ್ರಯಪತ್ರ ಕಳೆದುಕೊಂಡಾಗ ಹಾಗೆಯೇ ಓಡಾಡಿದ್ದು ನನಗೆ ನೆನಪಿದೆ. ಇಲ್ಲೂ ಅಂಥದ್ದೇನಾದರೂ ಮಾಡಬೇಕಾ? ಹೊಸದಾಗಿ ಮಾಡಿಸಿಬಿಡಿ, 150 ಪೌಂಡ್ ಆಗುತ್ತದೆ ಅಂತ ಏಜೆಂಟ್ ದಿನಾ ಮೆಸೇಜ್ ಮಾಡುತ್ತಿದ್ದಾರೆ. ದುಡ್ಡಿಗಿಂತ ಹೆಚ್ಚಾಗಿ, ಇರುವ ಕಾಗದವನ್ನು ಹುಡುಕದೆ ಬಿಡಲು ಮನಸ್ಸು ಒಪ್ಪುತ್ತಿಲ್ಲ.


ಬೆಲ್ಲದಕಾಫಿ (ಸ್ವಿಂಡನ್):

ಅಕ್ಕ, ಮೊದಲು ಒಂದು ಲೋಟ ಕಾಫಿ ಕುಡಿಯಿರಿ. ಪೊಲೀಸ್ ಬೇಡ, ಪತ್ರಿಕೆ ಬೇಡ, ವಕೀಲರಿಗೆ ಶುಲ್ಕವೂ ಬೇಡ. ನಿಮ್ಮ ಕೈಲಿದ್ದದ್ದು ಒಂದು ಪ್ರಿಂಟ್ ಅಷ್ಟೇ. ನಿಜವಾದ ಸರ್ಟಿಫಿಕೇಟ್ ಸರ್ಕಾರದ ರಿಜಿಸ್ಟರ್‌ನಲ್ಲಿ ಇರುತ್ತದೆ. ಮನೆ ಪರೀಕ್ಷಿಸಿ ದರ್ಜೆ ಕೊಡಲು ಬಂದ ಅಸೆಸರ್ ಅದನ್ನು ರಿಜಿಸ್ಟರ್‌ಗೆ ಏರಿಸದೆ ಸರ್ಟಿಫಿಕೇಟ್ ಹುಟ್ಟುವುದೇ ಇಲ್ಲ. ನೀವು ನೋಡಿದ್ದೀರಿ ಅಂದರೆ ಅದು ಅಲ್ಲಿ ಇದ್ದೇ ಇರುತ್ತದೆ.

ಗವ್ ಡಾಟ್ ಯುಕೆಯಲ್ಲಿ ‘ಫೈಂಡ್ ಆನ್ ಎನರ್ಜಿ ಸರ್ಟಿಫಿಕೇಟ್’ ಅಂತ ಹುಡುಕಿ. ಪೂರ್ತಿ ಉಚಿತ, ಲಾಗಿನ್ ಕೂಡ ಬೇಡ. ಕಾಸು ಕೇಳುವ ಬೇರೆ ಸೈಟ್ ಕಂಡರೆ ಹೊರಗೆ ಬನ್ನಿ. ಹುಡುಕಲು ಮೂರು ದಾರಿ ಇದೆ. ಪೋಸ್ಟ್‌ಕೋಡ್ ಒಂದು, ಬೀದಿ ಮತ್ತು ಊರಿನ ಹೆಸರು ಇನ್ನೊಂದು, ಸರ್ಟಿಫಿಕೇಟ್ ನಂಬರ್ ಮೂರನೆಯದು. ನಂಬರಿನಲ್ಲಿ 20 ಅಂಕಿ, ನಾಲ್ಕು ನಾಲ್ಕರಂತೆ ಐದು ಗುಂಪು. ಕೊಂಡಾಗಿನ ಮೇಲ್‌ಗಳಲ್ಲಿ ಎಲ್ಲಾದರೂ ಆ ಆಕಾರದ ನಂಬರ್ ಇದೆಯಾ ನೋಡಿ.

ಹಳೆಯ ಮೇಲ್‌ನಲ್ಲಿ ಲಿಂಕ್ ಸಿಕ್ಕಿ ಅದು ತೆರೆಯದಿದ್ದರೆ ಗಾಬರಿಯಾಗಬೇಡಿ. 2020ರ ಸೆಪ್ಟೆಂಬರ್‌ನಲ್ಲಿ ರಿಜಿಸ್ಟರ್ ಹೊಸ ಜಾಗಕ್ಕೆ ಬಂತು. ಅದಕ್ಕೂ ಮುಂಚಿನ ಸರ್ಟಿಫಿಕೇಟ್‌ಗಳೂ ಹೊಸ ಜಾಗದಲ್ಲೇ ಸಿಗುತ್ತವೆ. ನೋಡಲು ಮಾತ್ರ ಬೇರೆ ಥರ, ಹಳೆಯ ಪಿಡಿಎಫ್ ಹಾಗೆ ಇರುವುದಿಲ್ಲ.

ನಿಮ್ಮ ತೊಂದರೆ ವಿಳಾಸದ್ದು ಅನ್ನಿಸುತ್ತದೆ. ನಮ್ಮ ಮನೆಗೂ ಹೀಗೇ ಆಗಿತ್ತು. ನಮ್ಮದು ಹೊಸ ಬಡಾವಣೆ. ಮನೆ ನಂಬರ್ 8, ಆದರೆ ಸರ್ಟಿಫಿಕೇಟ್ ಮಾಡಿದಾಗ ಬೀದಿಗೆ ಸರಿಯಾದ ನಂಬರೇ ಬಂದಿರಲಿಲ್ಲ. ಬಿಲ್ಡರ್ ‘ಪ್ಲಾಟ್ 41’ ಅಂತ ಕೊಟ್ಟಿದ್ದ ಹೆಸರಿನಲ್ಲೇ ಅದು ಕೂತಿತ್ತು. ಎರಡು ವರ್ಷ ನಾವು ಇಲ್ಲ ಅಂದುಕೊಂಡೇ ಇದ್ದೆವು.


ಕ್ಲೈಡ್ ದಂಡೆ (ಗ್ಲಾಸ್ಗೋ):

ಇದನ್ನು ಸ್ಕಾಟ್‌ಲ್ಯಾಂಡಿನ ಕನ್ನಡದವರೂ ಓದುತ್ತಿರಬಹುದು, ಅದಕ್ಕೆ ಒಂದು ಮಾತು. ಗವ್ ಡಾಟ್ ಯುಕೆಯ ಆ ಪುಟ ಇಂಗ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿಗೆ ಮಾತ್ರ. ನಮ್ಮ ಸ್ಕಾಟ್‌ಲ್ಯಾಂಡಿಗೆ ಬೇರೆಯೇ ರಿಜಿಸ್ಟರ್ ಇದೆ, ‘ಸ್ಕಾಟಿಷ್ ಇಪಿಸಿ ರಿಜಿಸ್ಟರ್’ ಅಂತಲೇ ಹೆಸರು. ನಾನು ಇಂಗ್ಲೆಂಡಿನದರಲ್ಲಿ ಒಂದು ವಾರ ಹುಡುಕಿದ್ದೇನೆ.

ಇನ್ನೊಂದು ವಿಷಯ. ಇಲ್ಲಿ ಸರ್ಟಿಫಿಕೇಟನ್ನು ಮನೆಯೊಳಗೇ ಅಂಟಿಸಿಡಬೇಕು ಎಂಬ ನಿಯಮ ಇದೆ. ಸಾಮಾನ್ಯವಾಗಿ ಬಾಯ್ಲರ್ ಪಕ್ಕ ಅಥವಾ ಮೀಟರ್ ಕಪಾಟಿನಲ್ಲಿ. ನಮ್ಮದು ಹಳೆಯ ಕಲ್ಲಿನ ಕಟ್ಟಡದ ಎರಡನೇ ಮಹಡಿ. ಮೀಟರ್ ಕಪಾಟಿನ ಬಾಗಿಲ ಒಳಗಡೆ, ಪೊರಕೆ ನೇತುಹಾಕಿದ್ದ ಮೊಳೆಯ ಹಿಂದೆ, ಹಳದಿಯಾಗಿದ್ದ ಟೇಪಿನಲ್ಲಿ ಅಂಟಿಕೊಂಡಿತ್ತು. ದಿನಾ ಆ ಪೊರಕೆ ತೆಗೆಯುತ್ತಿದ್ದೆವು. ಹುಡುಕುವವರು ಮೊದಲು ಅಲ್ಲಿ ನೋಡಿ.


ಹೆಸರು ಬೇಡ (ಹ್ಯಾರೋ):

ನಾವು ಈ ಮನೆ ಕೊಂಡದ್ದು 2004ರಲ್ಲಿ. ಈಗ ಮಾರೋಣ ಅಂತ ಇದ್ದೇವೆ. ನಮ್ಮದೂ ಎಷ್ಟು ಹುಡುಕಿದರೂ ಸಿಗುತ್ತಿಲ್ಲ. ಎಲ್ಲಿ ಕಳೆದಿರಬಹುದು?


ಇಟ್ಟಿಗೆಗೋಡೆ (ಲೆಸ್ಟರ್):

ಹ್ಯಾರೋದವರೇ, ನಿಮ್ಮದು ಕಳೆದಿಲ್ಲ, ಇರಲೇ ಇಲ್ಲ. ಈ ಪದ್ಧತಿ ಇಂಗ್ಲೆಂಡಿನಲ್ಲಿ ಶುರುವಾದದ್ದೇ 2007ರ ಆಗಸ್ಟ್‌ನಲ್ಲಿ, ಮೊದಲು ದೊಡ್ಡ ಮನೆಗಳ ಮಾರಾಟಕ್ಕೆ. ಬಾಡಿಗೆಗೆ ಬಂದದ್ದು 2008ರ ಅಕ್ಟೋಬರ್‌ನಲ್ಲಿ. ಅದಕ್ಕೂ ಮುಂಚೆ ಕೊಂಡು, ಮಾರದೆ, ಬಾಡಿಗೆಗೂ ಕೊಡದೆ ವಾಸ ಮಾಡಿದವರ ಮನೆಗೆ ಎಷ್ಟೋ ಸಲ ಸರ್ಟಿಫಿಕೇಟೇ ಇರುವುದಿಲ್ಲ. ಈಗ ಹೊಸದಾಗಿ ಮಾಡಿಸಿ.

ವರದಾತೀರ ಮೇಡಂ, ನಾನು ಇದೇ ಕೆಲಸದಲ್ಲಿದ್ದೇನೆ, ಮನೆಗಳ ಎನರ್ಜಿ ಅಸೆಸರ್. ನಿಮ್ಮಂಥ ಎರಡು ಪಾಲಾದ ಹಳೆಯ ಮನೆಗಳೇ ಹುಡುಕಲು ಅತಿ ಕಷ್ಟ. ಒಂದೇ ಬಾಗಿಲಿಗೆ ನಾಲ್ಕು ಹೆಸರು ಇರುತ್ತದೆ. ಕೌನ್ಸಿಲ್ ಟ್ಯಾಕ್ಸ್ ಬಿಲ್ ಒಂದು ಹೇಳುತ್ತದೆ, ಅಂಚೆಯವರದು ಇನ್ನೊಂದು, ಲೀಸ್ ಪತ್ರದಲ್ಲಿ (ಇಲ್ಲಿ ಫ್ಲಾಟಿನ ಒಡೆತನದ ಪತ್ರ) ಮತ್ತೊಂದು. ಕರೆಗಂಟೆಯ ಮೇಲೆ ಯಾರೋ ಪೆನ್ನಿನಲ್ಲಿ ಬರೆದದ್ದು ನಾಲ್ಕನೆಯದು. ಅಸೆಸರ್ ಅವತ್ತು ಯಾವುದನ್ನು ಆರಿಸಿಕೊಂಡರೋ ಅದೇ ಹೆಸರಿನಲ್ಲಿ ಅದು ಇರುತ್ತದೆ.

ಹೀಗೆ ಮಾಡಿ. ಪೋಸ್ಟ್‌ಕೋಡ್ ಹಾಕಿ ಬಂದ ಪಟ್ಟಿಯನ್ನು ನಂಬರ್ ಇರುವ ಜಾಗದಲ್ಲಿ ಮಾತ್ರ ನೋಡಬೇಡಿ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ. ‘ಫ್ಲಾಟ್ 2’, ‘ಫಸ್ಟ್ ಫ್ಲೋರ್ ಫ್ಲಾಟ್’, ‘ಟಾಪ್ ಫ್ಲಾಟ್’, ‘ಅಪ್ಪರ್’ ಇಂಥವೆಲ್ಲ ನಂಬರುಗಳ ನಡುವೆ ಇರದೆ ಬೇರೆಲ್ಲೋ ಇರಬಹುದು. ಅಲ್ಲೂ ಇಲ್ಲದಿದ್ದರೆ ಬೀದಿ ಮತ್ತು ಊರಿನ ಹೆಸರಿನಿಂದ ಹುಡುಕಿ, ಪೋಸ್ಟ್‌ಕೋಡ್‌ನಲ್ಲಿ ಒಂದಕ್ಷರ ತಪ್ಪಾಗಿದ್ದರೂ ಅದು ಹಿಡಿಯುತ್ತದೆ. ಹಳೆಯ ಮಾಲೀಕರು ಸಾರ್ವಜನಿಕರಿಗೆ ಕಾಣದ ಹಾಗೆ ತೆಗೆಸಿರುವುದೂ ಉಂಟು, ಅದಕ್ಕೆ ಅವಕಾಶ ಇದೆ. ಆಗ ಆ ಪುಟದಲ್ಲೇ ಇರುವ ಸಹಾಯವಾಣಿಗೆ ಬರೆಯಬೇಕು.

ಸಿಕ್ಕ ಮೇಲೆ ಮೂರು ಜಾಗ ನೋಡಿ. ಎಲ್ಲಿಯವರೆಗೆ ಚಾಲ್ತಿ, ಯಾವ ದರ್ಜೆ, ಮತ್ತು ‘ಅಸ್ಯೂಮ್ಡ್’ (ಅಂದಾಜು) ಎಂಬ ಪದ ಎಷ್ಟು ಸಲ ಬಂದಿದೆ. ಸರ್ಟಿಫಿಕೇಟ್ ಹತ್ತು ವರ್ಷ ಬಾಳುತ್ತದೆ. ಬಾಡಿಗೆಗೆ ಕೊಡಲು ಕನಿಷ್ಠ ಇ ಇರಬೇಕು. 2018ರ ಏಪ್ರಿಲ್‌ನಿಂದ ಹೊಸ ಬಾಡಿಗೆಗಳಿಗೆ, 2020ರ ಏಪ್ರಿಲ್‌ನಿಂದ ಎಲ್ಲ ಬಾಡಿಗೆಗಳಿಗೂ ಈ ನಿಯಮ. ಇ ಅಂದರೆ 39ರಿಂದ 54 ಅಂಕ. 55ರಿಂದ ಡಿ, 69ರಿಂದ ಸಿ. 38 ಅಥವಾ ಅದಕ್ಕಿಂತ ಕೆಳಗೆ ಬಂದರೆ ಎಫ್ ಇಲ್ಲವೇ ಜಿ, ಆಗ ಮೊದಲು ಮನೆ ಸರಿಮಾಡಬೇಕು.


ವರದಾತೀರ:

ಸಿಕ್ಕಿತು! ಸಿಕ್ಕಿತು ಸರ್!

ರಾತ್ರಿ ಮಗಳು ಮಲಗಿದ ಮೇಲೆ ಅಡುಗೆಮನೆ ಮೇಜಿನ ಹತ್ತಿರ ಕೂತು ಒಂದೊಂದೇ ಸಾಲು ಓದಿದೆ. ಪಟ್ಟಿಯ ಕೊನೆಗೆ ಬಂದಾಗ ‘ಫಸ್ಟ್ ಫ್ಲೋರ್ ಫ್ಲಾಟ್, 27’ ಅಂತ ಇತ್ತು. ಒಂಬತ್ತು ವರ್ಷದಲ್ಲಿ ನಮ್ಮ ಮನೆಯನ್ನು ಯಾರೂ ಆ ಹೆಸರಿನಿಂದ ಕರೆದದ್ದಿಲ್ಲ. ಆಮೇಲೆ ಲೀಸ್ ಪತ್ರದ ಸ್ಕ್ಯಾನ್ ತೆಗೆದು ನೋಡಿದರೆ ಅದರಲ್ಲಿ ಇರುವುದು ಅದೇ ಹೆಸರು. ಕೆಳಗಿನ ಮನೆಯವರು ಈಚೆಗೆ ಹೊಸದು ಮಾಡಿಸಿದ್ದಾರೆ, ಅದಕ್ಕೆ ಅವರದು ಮಾತ್ರ 27ಎ ಅಂತ ಬಂದಿದೆ.

ಅಪ್ಪನಿಗೆ ಆಗಲೇ ಫೋನ್ ಮಾಡಿ ಹೇಳಿದೆ. ಊರಲ್ಲಿ ಬೆಳಗಿನ ಜಾವ ಮೂರೂವರೆ, ಆದರೂ ಎದ್ದು ಮಾತಾಡಿದರು. ಬೇರೆಯವರ ಮನೆಯದೂ ಯಾರು ಬೇಕಾದರೂ ನೋಡಬಹುದಾ ಅಂತ ಎರಡು ಸಲ ಕೇಳಿದರು. ನೋಡಬಹುದು, ಮಾಲೀಕರ ಹೆಸರು ಅದರಲ್ಲಿ ಇರುವುದಿಲ್ಲ ಅಂದ ಮೇಲೆ ಸಮಾಧಾನ ಆಯಿತು.

ಈಗ ಒಳಗೆ ಏನಿದೆ ಅಂತ ಹೇಳುತ್ತೇನೆ. ಕೊಂಡ ವರ್ಷ ಬಣ್ಣದ ಪಟ್ಟಿ ನೋಡಿ ಫೈಲಿಗೆ ಹಾಕಿದ್ದೆ, ಓದಿಯೇ ಇರಲಿಲ್ಲ. 2016ರ ನವೆಂಬರ್‌ನಲ್ಲಿ ಮಾಡಿದ್ದು. ದರ್ಜೆ ಇ, 51 ಅಂಕ. ಬರುವ ನವೆಂಬರ್‌ವರೆಗೆ ಚಾಲ್ತಿ ಇದೆ. ಗೋಡೆ: ಗಟ್ಟಿ ಇಟ್ಟಿಗೆ, ಇನ್ಸುಲೇಷನ್ (ಶಾಖ ಹೊರಹೋಗದಂತೆ ತಡೆಯುವ ಪದರ) ಇಲ್ಲ, ಅಸ್ಯೂಮ್ಡ್. ಸೂರು: ಸ್ವಲ್ಪ ಮಾತ್ರ ಇನ್ಸುಲೇಷನ್, ಅಸ್ಯೂಮ್ಡ್. ಹೀಟಿಂಗ್ ಕಂಟ್ರೋಲ್: ಪ್ರೋಗ್ರಾಮರ್ (ಟೈಮರ್) ಇದೆ, ರೂಮ್ ಥರ್ಮೋಸ್ಟಾಟ್ ಇಲ್ಲ, ‘ವೆರಿ ಪೂರ್’. ಕಡಿಮೆ ವಿದ್ಯುತ್ತಿನ ಬಲ್ಬು 30 ಶೇಕಡಾ.

ಇದನ್ನು ಓದುವಾಗ ಆ ಮೊದಲ ಚಳಿಗಾಲ ಕಣ್ಣ ಮುಂದೆ ಬಂತು. ಜನವರಿಯಲ್ಲಿ ಮಲಗುವ ಕೋಣೆಯ ಹೊರಗೋಡೆಗೆ ಕೈ ಇಟ್ಟರೆ ಕಬ್ಬಿಣದ ಹಾಗೆ ತಣ್ಣಗೆ. ಮಂಚವನ್ನು ಒಳಗೋಡೆಗೆ ಸರಿಸಿದ್ದೆವು. ಕಿಟಕಿಯ ಚೌಕಟ್ಟಿನ ಕೆಳಗೆ ನೀರು ಇಳಿದು ಕಪ್ಪು ಬೂಷ್ಟು ಕಟ್ಟುತ್ತಿತ್ತು, ದಿನಾ ಬೆಳಿಗ್ಗೆ ಹಳೆ ಟವೆಲ್‌ನಲ್ಲಿ ಒರೆಸುತ್ತಿದ್ದೆ. ಮಗು ಬಂದ ಮೇಲೆ ಅದು ಆಗದು ಅಂತ 2019ರಲ್ಲಿ ಅಟ್ಟದಲ್ಲಿ ಶಾಖ ತಡೆಯುವ ಇನ್ಸುಲೇಷನ್ ಉಣ್ಣೆಯನ್ನು ದಪ್ಪಗೆ ಹಾಸಿಸಿದೆವು. 2021ರಲ್ಲಿ ಹೊಸ ಬಾಯ್ಲರ್, ಜೊತೆಗೆ ಹಾಲ್‌ನಲ್ಲಿ ಥರ್ಮೋಸ್ಟಾಟ್. ಬಲ್ಬುಗಳು ಈಗ ಎಲ್ಲವೂ ಎಲ್‌ಇಡಿ. ಇದ್ಯಾವುದೂ ಸರ್ಟಿಫಿಕೇಟಿಗೆ ಗೊತ್ತಿಲ್ಲ, ಅಲ್ವಾ?

ನನ್ನ ಪ್ರಶ್ನೆ ಈಗ ಬದಲಾಗಿದೆ. ಇರುವುದನ್ನೇ ಏಜೆಂಟಿಗೆ ಕೊಡಲಾ, ಹೊಸದು ಮಾಡಿಸಲಾ? ಬಾಡಿಗೆಗೆ ಬರುವವರಿಗೂ ಮಕ್ಕಳಿರಬಹುದು. ಮನೆ ಈಗ ಹೇಗಿದೆಯೋ ಹಾಗೆ ಅವರಿಗೆ ಗೊತ್ತಾಗಬೇಕು ಅನ್ನುವುದು ನನ್ನ ಆಸೆ.


ಇಟ್ಟಿಗೆಗೋಡೆ (ಲೆಸ್ಟರ್):

ಮೇಡಂ, ಎರಡೂ ಮಾಡಬಹುದು. ಇವತ್ತೇ ಆ ಪುಟದ ಲಿಂಕ್ ಕಾಪಿ ಮಾಡಿ ಏಜೆಂಟಿಗೆ ಕಳಿಸಿ, ಇಲ್ಲವೇ ಪ್ರಿಂಟ್ ತೆಗೆದು ಕೊಡಿ. ಇ ಇದೆ, ಚಾಲ್ತಿಯಲ್ಲಿದೆ, ಜಾಹೀರಾತು ಹಾಕಲು ಯಾರೂ ತಡೆಯುವ ಹಾಗಿಲ್ಲ. ಹೊಸ ಸರ್ಟಿಫಿಕೇಟ್ ಬೇಕೇ ಬೇಕು ಅಂತ ಈಗ ಹೇಳಿದರೆ ಅದು ತಪ್ಪು.

ಆದರೂ ನಿಮ್ಮ ಜಾಗದಲ್ಲಿ ನಾನಿದ್ದರೆ ಹೊಸದು ಮಾಡಿಸುತ್ತಿದ್ದೆ. ನವೆಂಬರ್ ಕಳೆದ ಮೇಲೆ ಬಾಡಿಗೆದಾರರು ಬದಲಾದರೆ ಹೇಗೂ ಬೇಕಾಗುತ್ತದೆ. ನೀವು ಮಾಡಿಸಿದ ಕೆಲಸಗಳೆಲ್ಲ ಅಂಕ ಹೆಚ್ಚಿಸುವಂಥವೇ. ಜೊತೆಗೆ ನಿಮ್ಮ ಸರ್ಟಿಫಿಕೇಟ್ ಆದ ಮೇಲೆ ಲೆಕ್ಕವೇ ಬದಲಾಗಿದೆ. ಗಟ್ಟಿ ಇಟ್ಟಿಗೆ ಗೋಡೆಯಿಂದ ಶಾಖ ಎಷ್ಟು ಹೊರಗೆ ಹೋಗುತ್ತದೆ ಅನ್ನುವುದಕ್ಕೆ ಒಂದು ಸಂಖ್ಯೆ ಇದೆ, ಯು-ವ್ಯಾಲ್ಯೂ ಅಂತ. ಮೊದಲು 2.1 ಅಂತ ಹಿಡಿಯುತ್ತಿದ್ದೆವು, ಈಗ 1.7. ಹಳೆಯ ಇಟ್ಟಿಗೆ ಮನೆಗಳಿಗೆ ಇದರಿಂದ ಅನುಕೂಲ ಆಯಿತು. ಡಿ ಬರುವ ಸಾಧ್ಯತೆ ಚೆನ್ನಾಗಿದೆ, ಮನೆ ನೋಡದೆ ಅಂಕ ಹೇಳಲಾರೆ.

ಒಂದು ಎಚ್ಚರಿಕೆ, ಇದನ್ನು ಎಲ್ಲರಿಗೂ ಹೇಳುತ್ತೇನೆ. ಹೊಸದು ರಿಜಿಸ್ಟರ್‌ಗೆ ಏರಿದ ಕ್ಷಣದಿಂದ ಅದೇ ಲೆಕ್ಕಕ್ಕೆ. ಅಂಕ ಕಡಿಮೆ ಬಂತು, ಹಳೆಯದನ್ನೇ ಇಟ್ಟುಕೊಳ್ಳುತ್ತೇನೆ ಅನ್ನಲು ಬರುವುದಿಲ್ಲ. ಅದಕ್ಕೆ ತಯಾರಿ ಮುಖ್ಯ. ನಾವು ಗೋಡೆ ಕೊರೆಯುವುದಿಲ್ಲ, ನೆಲ ಅಗೆಯುವುದಿಲ್ಲ. ಕಣ್ಣಿಗೆ ಕಂಡದ್ದು, ಕಾಗದದಲ್ಲಿ ಇದ್ದದ್ದು, ಇವೆರಡೇ ನಮಗೆ ಆಧಾರ. ಎರಡೂ ಇಲ್ಲದ ಕಡೆ ಮನೆಯ ವಯಸ್ಸು ನೋಡಿ ಅಂದಾಜು ಹಾಕುತ್ತೇವೆ, ಅದೇ ಆ ‘ಅಸ್ಯೂಮ್ಡ್’. ನಿಮ್ಮ ಸೂರಿಗೆ ಹಾಗೆ ಬರೆದಿದ್ದಾರೆ ಅಂದರೆ ಅವತ್ತು ಅಟ್ಟದ ಮುಚ್ಚಳ ತೆರೆಯಲು ಆಗಿರಲಿಲ್ಲ ಅಂತ ಕಾಣುತ್ತದೆ. ಈ ಸಲ ತೆರೆದಿಡಿ. ಉಣ್ಣೆಯ ಆಳವನ್ನು ಅಳತೆಪಟ್ಟಿ ಇಳಿಸಿ ನೋಡಿ ಫೋಟೋ ತೆಗೆಯುತ್ತೇವೆ. ಈಗಿನ ಶಿಫಾರಸು 270 ಮಿಲಿಮೀಟರ್. ಬಾಯ್ಲರ್ ಹಾಕಿದಾಗಿನ ಪತ್ರ, ಕಿಟಕಿ ಬದಲಿಸಿದ್ದರೆ ಅದು ನಿಯಮದಂತೆ ಆಗಿದೆ ಅನ್ನುವ ಫೆನ್ಸಾ ಪತ್ರ, ಅಟ್ಟದ ಕೆಲಸದ ಬಿಲ್ಲು ಮೇಜಿನ ಮೇಲೆ ಇಟ್ಟಿರಿ. 2025ರ ಜೂನ್‌ನಲ್ಲಿ ಬಂದ ಹೊಸ ಪದ್ಧತಿಯಲ್ಲಿ ಪ್ರತಿ ಕಿಟಕಿಯನ್ನೂ ಅಳೆಯಬೇಕು, ಹಾಗಾಗಿ ಮೊದಲಿಗಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ. ಕಿಟಕಿಯ ಮುಂದಿನ ಬಾಕ್ಸ್‌ಗಳನ್ನು ಸರಿಸಿಟ್ಟರೆ ನಮಗೆ ದೊಡ್ಡ ಉಪಕಾರ.

ಅಸೆಸರ್‌ರನ್ನು ನೀವೇ ನೇರವಾಗಿ ಹಿಡಿಯಿರಿ. ಗವ್ ಡಾಟ್ ಯುಕೆಯಲ್ಲೇ ಪೋಸ್ಟ್‌ಕೋಡ್ ಹಾಕಿದರೆ ಹತ್ತಿರದವರ ಪಟ್ಟಿ ಬರುತ್ತದೆ. ಎರಡು ಮೂರು ಜನರಿಗೆ ಫೋನ್ ಮಾಡಿ ದರ ಕೇಳಿ. 150 ಪೌಂಡ್‌ಗಿಂತ ಸಾಕಷ್ಟು ಕಡಿಮೆಗೆ ಮಾಡುವವರು ಸಿಗುತ್ತಾರೆ. ಹಾಂ, ವಿಳಾಸ ಯಾವ ಹೆಸರಿನಲ್ಲಿ ಏರಿಸುತ್ತೀರಿ ಅಂತ ಮೊದಲೇ ಕೇಳಿ, ಹಳೆಯದರ ಲಿಂಕನ್ನೂ ಅವರಿಗೆ ಕೊಡಿ. ಇಲ್ಲದಿದ್ದರೆ ಒಂದೇ ಮನೆ ಎರಡು ಹೆಸರಿನಲ್ಲಿ ಕೂತುಬಿಡುತ್ತದೆ.


ಬೆಲ್ಲದಕಾಫಿ (ಸ್ವಿಂಡನ್):

ಇಟ್ಟಿಗೆಗೋಡೆ ಅಣ್ಣ, ಬಾಯ್ಲರ್ ಪತ್ರ ಕಳೆದವರು ಏನು ಮಾಡಬೇಕು? ನಮ್ಮ ಹತ್ತಿರ ಅದೂ ಇಲ್ಲ.


ಇಟ್ಟಿಗೆಗೋಡೆ (ಲೆಸ್ಟರ್):

ಬಾಯ್ಲರ್ ಅಲ್ಲೇ ಗೋಡೆಯ ಮೇಲಿದೆಯಲ್ಲ, ಅದರ ಮೇಲಿನ ಮಾಡೆಲ್ ಹೆಸರು ಓದಲು ಸಿಕ್ಕರೆ ನಮಗೆ ಸಾಕು. ಆ ಸ್ಟಿಕರ್ ಮೇಲೆ ಬಣ್ಣ ಬಳಿಯಬೇಡಿ. ಪತ್ರದ ನಕಲು ಬೇಕೇ ಬೇಕು ಅಂದರೆ ಗ್ಯಾಸ್ ಕೆಲಸಗಾರರ ನೋಂದಣಿ ಸಂಸ್ಥೆಯಾದ ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ ಕೇಳಿ, ಹಾಕಿದವರು ದಾಖಲೆ ಮಾಡಿಸಿದ್ದರೆ ಸಿಗುತ್ತದೆ.


ವರದಾತೀರ:

ಎಲ್ಲರಿಗೂ ಮನಸಾರೆ ಧನ್ಯವಾದ. ಲಿಂಕ್ ಕಳಿಸಿದೆ, ಏಜೆಂಟ್ ಒಪ್ಪಿಕೊಂಡರು, ಜಾಹೀರಾತು ಇವತ್ತು ಸಂಜೆ ಬಂದಿದೆ. ವಕೀಲರ ಕಚೇರಿಗೂ ಫೈಲ್ ಬೇಡ ಅಂತ ಬರೆದೆ.

ಹೊಸದಕ್ಕೆ ಮೂರು ಕಡೆ ಕೇಳಿದೆ. 75 ಪೌಂಡ್‌ಗೆ ಒಬ್ಬರು ಒಪ್ಪಿದ್ದಾರೆ. ವಿಳಾಸ ಯಾವುದು ಅಂತ ನಾನು ಕೇಳುವ ಮೊದಲು ಅವರೇ ಕೇಳಿದರು, ಅದಕ್ಕೇ ಅವರನ್ನು ಆರಿಸಿದೆ. ಬಾಯ್ಲರ್ ಪತ್ರ ಅಡುಗೆಮನೆ ಡ್ರಾಯರ್‌ನಲ್ಲಿ ಬಾಯ್ಲರಿನ ಪುಸ್ತಕದ ಒಳಗೇ ಇತ್ತು. ಅಟ್ಟದ ಬಿಲ್ಲು ಮೇಲ್‌ನಲ್ಲಿ ಸಿಕ್ಕಿತು. ಕೆಳಗಿನ ಮನೆಯವರಿಂದ ಏಣಿ ತಂದು ಅಟ್ಟದ ಮುಚ್ಚಳ ನಾನೇ ತೆರೆದು ನೋಡಿದೆ. ಮುಚ್ಚಳದ ಸುತ್ತ ಒಂದು ಮೊಳದಷ್ಟು ಉಣ್ಣೆ ಹಿಂದಕ್ಕೆ ಸರಿದಿತ್ತು, ಕೈಗೆ ಗವಸು ಹಾಕಿಕೊಂಡು ಮತ್ತೆ ಹಾಸಿದೆ. ಗುರುವಾರ ಹತ್ತು ಗಂಟೆಗೆ ಬರುತ್ತಾರೆ. ಅಂಕ ಎಷ್ಟು ಬಂತು ಅಂತ ಇಲ್ಲೇ ಬರೆಯುತ್ತೇನೆ.